ಯಾರದೋ ಒಂದು ಸ್ಕ್ರೂ

ಆ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಅರವತ್ತೆಂಟು ಸ್ಕ್ರೂಗಳಿದ್ದವು. ಅರವತ್ತೆಂಟೇ ಇರಬೇಕಿತ್ತು. ಆಪರೇಷನ್ ಥಿಯೇಟರಿನ ಸಿಸ್ಟರ್ ಒಂದೊಂದೇ ಸಾಲು ಎಣಿಸಿ ಹೇಳಿದರು, ನಾನು ಚೀಟಿಯಲ್ಲಿ ಗೀಟು ಹಾಕಿದೆ, ಕೊನೆಗೆ ಇಬ್ಬರೂ ಸಹಿ ಮಾಡಿದೆವು. ಎಣಿಕೆಯಲ್ಲಿ ನಾನು ತಪ್ಪುವವನಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ನಮ್ಮ ಗೋದಾಮಿನಲ್ಲಿ ಬೇರೆಯವರು ತಪ್ಪಿದಾಗ ಅವರನ್ನು ಆಡಿಕೊಂಡು ನಕ್ಕವನೂ ನಾನೇ. ಅದಕ್ಕೇ ಇರಬೇಕು, ನನ್ನ ಸರದಿ ಬಂದಾಗ ಎಣಿಕೆ ಸರಿಯಾಗಿಯೇ ಇತ್ತು, ಉಳಿದದ್ದೆಲ್ಲ ತಪ್ಪಿತು.

ಮೂಳೆ ಮುರಿದವರಿಗೆ ಹಾಕುವ ಪ್ಲೇಟು, ಸ್ಕ್ರೂಗಳ ಪೆಟ್ಟಿಗೆಯನ್ನು ಆಸ್ಪತ್ರೆಗಳಿಗೆ ಒಯ್ಯುವುದು ನನ್ನ ಕೆಲಸ. ಮುಂಬಯಿಯ ಕುರ್ಲಾದ ಗೋದಾಮಿನಿಂದ ಹಿಂದಿನ ದಿನವೇ ಪೆಟ್ಟಿಗೆ ತಲುಪಿಸಬೇಕು. ಅಲ್ಲಿ ಅದನ್ನು ಹಬೆಯ ಯಂತ್ರದಲ್ಲಿ ಶುದ್ಧ ಮಾಡುತ್ತಾರೆ. ಮರುದಿನ ನಾನು ಹಸಿರು ಬಟ್ಟೆ ತೊಟ್ಟು, ಟೋಪಿ, ಮಾಸ್ಕು ಕಟ್ಟಿಕೊಂಡು ಆಪರೇಷನ್ ಟೇಬಲ್ಲಿನಿಂದ ಎರಡು ಹೆಜ್ಜೆ ದೂರ ನಿಲ್ಲಬೇಕು. ಏನನ್ನೂ ಮುಟ್ಟುವಂತಿಲ್ಲ. ಯಾವ ಸಾಮಾನು ಎಲ್ಲಿದೆ ಎಂದು ತೋರಿಸಲು ಕೈಯಲ್ಲೊಂದು ಲೇಸರ್ ಪೆನ್ನು. ಅದರ ಕೆಂಪು ಚುಕ್ಕೆ ಬಿದ್ದದ್ದನ್ನು ಸಿಸ್ಟರ್ ಎತ್ತಿ ಡಾಕ್ಟರರಿಗೆ ಕೊಡುತ್ತಾರೆ. ಕೇಳಿದರೆ ಮಾತಾಡಬೇಕು, ಕೇಳದಿದ್ದರೆ ಬಾಯಿಗೆ ಬೀಗ. ಈ ಬೀಗ ನಮಗೆ ಎಷ್ಟು ರೂಢಿಯಾಗಿರುತ್ತದೆಂದರೆ, ಮನೆಗೆ ಹೋದಮೇಲೂ ಹೆಂಡತಿ ಎರಡು ಸಲ ಕೇಳಿದರೇ ಉತ್ತರ.

ಅಂದಿನ ಪೇಶಂಟು ಬೈಕುಲ್ಲಾದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಮುದುಕಿ. ಸುತ್ತಲಿನ ವರ್ಕ್‌ಶಾಪುಗಳಲ್ಲಿ ದುಡಿಯುವ ನಮ್ಮ ಕಡೆಯ ಜನ ಊಟಕ್ಕೆ ಹೋಗುವ ಜಾಗ. ಮನೆಯಿರುವ ಚಾಳಿನ ನಲ್ಲಿಯ ಹತ್ತಿರ ಕಾಲು ಜಾರಿ ಕೂತಂತೆ ಬಿದ್ದಿದ್ದಳು, ಅಷ್ಟೇ. ಅಷ್ಟಕ್ಕೇ ಎಡ ತೊಡೆಯ ಮೂಳೆ ಮೊಣಕಾಲಿನ ಮೇಲೆ ಮೂರು ತುಂಡಾಗಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರು, "ಯೇ ಹಡ್ಡಿ ನಹೀಂ ಹೈ, ಚಾಯ್ ಮೇಂ ಡುಬಾಯಾ ಹುವಾ ಖಾರಿ ಹೈ" ಅಂದಿದ್ದರು. ಮೂಳೆಯಲ್ಲ, ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ತು; ಬೆಳಿಗ್ಗೆ ಅದನ್ನು ಅದ್ದಿ ತಿಂದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಗಟ್ಟಿ ಮೂಳೆಗೆ ಸಾದಾ ಸ್ಕ್ರೂ ಸಾಕು. ಅದು ಮೂಳೆಯನ್ನೇ ಕಚ್ಚಿ ಹಿಡಿದು ಪ್ಲೇಟನ್ನು ಒತ್ತುತ್ತದೆ. ಸವೆದು ಟೊಳ್ಳಾದ ಮೂಳೆಯಲ್ಲಿ ಕಚ್ಚಲು ಏನೂ ಇರುವುದಿಲ್ಲ. ಸ್ಕ್ರೂ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಅಂಥವರಿಗಾಗಿ ಇರುವುದು ಲಾಕಿಂಗ್ ಸ್ಕ್ರೂ. ಅದರ ತಲೆಗೂ ತಿರುಪಿನ ಎಳೆಗಳಿರುತ್ತವೆ, ಪ್ಲೇಟಿನ ತೂತಿಗೂ ಅಂಥವೇ ಎಳೆಗಳು. ತಲೆ ತೂತಿನಲ್ಲಿ ಸರಿಯಾಗಿ ಕೂತು ಬಿಗಿದರೆ ಪ್ಲೇಟು, ಸ್ಕ್ರೂ ಎರಡೂ ಸೇರಿ ಒಂದೇ ಚೌಕಟ್ಟಾಗುತ್ತವೆ. ಮೂಳೆ ಕೈಕೊಟ್ಟರೂ ಚೌಕಟ್ಟು ಹಿಡಿದಿರುತ್ತದೆ. ಆದರೆ ಎಲ್ಲ ಭಾರವೂ ಆ ತಲೆಯ ಮೇಲೆ. ಒಂದು ತಲೆ ಸಡಿಲಾದರೆ ಉಳಿದವು ಸೋಲುತ್ತ ಬರುತ್ತವೆ, ಕಾಲು ಮೊಣಕಾಲಿನಲ್ಲಿ ಒಳಕ್ಕೆ ವಾಲುತ್ತದೆ. ಮತ್ತೆ ಬಿಚ್ಚಿ ಹಾಕೋಣವೆಂದರೆ ಅಂಥ ಮೂಳೆಯಲ್ಲಿ ಜಾಗವೇ ಉಳಿದಿರುವುದಿಲ್ಲ. ಅಂದರೆ ಆ ಮುದುಕಿಗೆ ನಡೆಯಲು ಸಿಗುವುದು ಇದೊಂದೇ ಸಲ.

ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಆಕೆಗೆ ಎಚ್ಚರವಿತ್ತು. ಅರಿವಳಿಕೆಯ ಡಾಕ್ಟರಮ್ಮ ಹಿಂದಿಯಲ್ಲಿ ಏನು ಕೇಳಿದರೂ ಆಕೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಮೂವತ್ತು ವರ್ಷ ಮುಂಬಯಿಯಲ್ಲಿದ್ದೂ 'ಕಿತನಾ', 'ಗರಮ್' ಎರಡನ್ನು ಬಿಟ್ಟು ಹಿಂದಿ ಕಲಿಯದೆ ಉಳಿದ ಗಟ್ಟಿಗಿತ್ತಿ. ಡಾಕ್ಟರು ನನ್ನತ್ತ ತಿರುಗಿ, "ತುಮ್ ಕರ್ನಾಟಕ್ ಸೇ ಹೋ ನಾ? ಇವರ ತಲೆಯ ಹತ್ತಿರ ನಿಂತು ಮಾತಾಡಿಸು, ಅಲ್ಲಾಡಬಾರದು ಅಂತ ಹೇಳು" ಅಂದರು. ಹೀಗೆ ಎಂದೂ ಇಲ್ಲದ ಜಾಗದಲ್ಲಿ ನಾನು ನಿಂತೆ. ಎದೆಯ ಹತ್ತಿರ ಅಡ್ಡ ಕಟ್ಟಿದ ಹಸಿರು ಬಟ್ಟೆಯ ಈಚೆ ಆಕೆಯ ಮುಖ, ಆಚೆ ಆಕೆಯ ಕಾಲು. ನನಗೆ ಎರಡೂ ಕಾಣುತ್ತಿದ್ದವು.

"ಯಾವೂರೋ ಯಪ್ಪಾ ನಿಂದು?" ಆಕೆ ಕೇಳಿದಳು.

"ಮುಧೋಳದ ಕಡಿ, ಯವ್ವಾ."

"ಹಂಗಾರ ನಮ್ಮಾವನ ಬಿಡು. ಕಾಲು ನಂದ ಅಂತ ಅನ್ನಿಸವಲ್ದು ನೋಡು. ಐತಿಲ್ಲೋ ಅಲ್ಲೆ?"

"ಐತಿ ಯವ್ವಾ, ಎಲ್ಲಿಗೂ ಹೋಗಿಲ್ಲ."

"ನಾ ನಿಂತ ರೊಟ್ಟಿ ಬಡಿಯಾಕಿ. ಅಲ್ಲಿ ಗ್ಯಾಸಿನ ಕಟ್ಟಿ ಎತ್ತರ ಐತಿ, ಕುಂತ ಬಡಿಯಾಕ ಬರಂಗಿಲ್ಲ. ಡಾಕ್ಟರಗ ಅದನ್ನ ಹೇಳು. ನಿಲ್ಲಾಕ ಬರಬೇಕು."

ನಾನು ಹೇಳಿದೆ. ಡಾಕ್ಟರು ತಲೆ ಎತ್ತದೆ "ಹಾಂ, ಹಾಂ" ಅಂದರು.

ಕೆಲಸ ಮೊದಲಿನಿಂದಲೇ ಮೊಂಡಾಟ ಹೂಡಿತು. ಕಾಲನ್ನು ಎಳೆದು ಉದ್ದ ಸರಿಮಾಡಿ ಪ್ಲೇಟನ್ನು ಸ್ನಾಯುವಿನ ಅಡಿಯಿಂದ ಮೇಲಕ್ಕೆ ಜಾರಿಸಿದ್ದಾಯಿತು. ಅದನ್ನು ಮೂಳೆಯ ಹತ್ತಿರಕ್ಕೆ ಎಳೆಯಲು ಡಾಕ್ಟರು ಒಂದು ಸಾದಾ ಸ್ಕ್ರೂ ಹಾಕಿದರು. ಅದು ಮೂರು ಸುತ್ತು ಬಿಗಿಯಾದಂತೆ ಮಾಡಿ ನಾಲ್ಕನೆಯದಕ್ಕೆ ಸುಮ್ಮನೆ ತಿರುಗಿತು. ತೆಗೆದರು. ತಂತಿ ಹಾಕಿ ಹಿಡಿದರೆ ತಂತಿ ಮೂಳೆಯನ್ನು ಸೀಳಿಕೊಂಡು ಬರುವಂತಿತ್ತು. ಕೊನೆಗೆ ಇಕ್ಕಳದಿಂದ ಮೆತ್ತಗೆ ಒತ್ತಿ, ಎರಡು ಕಡೆ ಚೂಪು ಕಡ್ಡಿ ಚುಚ್ಚಿ ತಾತ್ಕಾಲಿಕವಾಗಿ ನಿಲ್ಲಿಸಿ, ಎಕ್ಸ್‌ರೇ ಪರದೆಯ ಮೇಲೆ ನೋಡಿ, ಮತ್ತೆ ಸಡಿಲಿಸಿ, ಮತ್ತೆ ಒತ್ತಿ, ಹೀಗೆ ಐವತ್ತು ನಿಮಿಷ ಹೋಯಿತು. ಡಾಕ್ಟರರ ಟೋಪಿಯ ಅಂಚು ಬೆವರಿಗೆ ಕಪ್ಪಾಗಿತ್ತು. ಅಂಥ ಹೊತ್ತಿನಲ್ಲಿ ಅವರ ಹತ್ತಿರ ಮಾತಾಡುವುದು ಬಿಡಿ, ಕೆಮ್ಮಲೂ ಹೆದರಿಕೆ.

ಆಮೇಲೆ ಲಾಕಿಂಗ್ ಸ್ಕ್ರೂಗಳ ಸರದಿ. ಮೊಣಕಾಲಿನ ಹತ್ತಿರದ ಅಗಲವಾದ ತುದಿಯಲ್ಲಿ ಮೊದಲನೆಯದು ಎಪ್ಪತ್ತು ಮಿಲಿಮೀಟರಿನದು, ಎರಡನೆಯದು ಎಪ್ಪತ್ತು. ಮೂರನೆಯದಕ್ಕೆ ಅಳತೆ ಕಡ್ಡಿ ಅರವತ್ತೈದು ತೋರಿಸಿತು. ನಾನು ಪೆಟ್ಟಿಗೆಯಲ್ಲಿ ಅರವತ್ತೈದರ ಗುಳಿಯ ಮೇಲೆ ಕೆಂಪು ಚುಕ್ಕೆ ಇಟ್ಟೆ. ಅಲ್ಲಿ ಎರಡಿದ್ದವು. ಸಿಸ್ಟರ್ ಮೇಲಿನದನ್ನು ಎತ್ತಿ ಕೊಟ್ಟರು. ಕೊನೆಯ ಸುತ್ತುಗಳನ್ನು ಬಿಗಿಯಲು ಒಂದು ವಿಶೇಷ ಹಿಡಿಕೆ ಇರುತ್ತದೆ. ಬೇಕಾದಷ್ಟು ಬಿಗಿಯಾದೊಡನೆ ಅದು 'ಟಕ್' ಎನ್ನುತ್ತದೆ. ಮೊದಲಿನ ಎರಡಕ್ಕೂ ಡಾಕ್ಟರರ ಮಣಿಕಟ್ಟು ನಾಲ್ಕೈದು ಸಲ ತಿರುಗಿದ ಮೇಲೆ ಟಕ್ ಅಂದಿತ್ತು. ಇದು ಎರಡನೇ ತಿರುವಿಗೇ ಅಂದಿತು. ತಲೆ ಪ್ಲೇಟಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ನನಗದು ಕಂಡಿತು. ಎಳೆಯಲ್ಲಿ ಮೂಳೆಯ ಪುಡಿ ಸಿಕ್ಕಿರಬೇಕು ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಡಾಕ್ಟರು ಆಗಲೇ ಮೇಲಿನ ತುದಿಗೆ ಹೋಗಿದ್ದರು.

ಮೇಲೆ ಮೂರು ಸ್ಕ್ರೂ ಬಿದ್ದವು. ಮತ್ತೆ ಕೆಳಗೆ ಬಂದು ಡಾಕ್ಟರು ಇನ್ನೊಂದು ತೂತು ಕೊರೆದರು. "ಪೈಂಸಠ್," ಅಂದರು. ಅರವತ್ತೈದು. ಚುಕ್ಕೆ ಇಟ್ಟೆ. ಸಿಸ್ಟರ್ ಗುಳಿಯಲ್ಲಿದ್ದ ಎರಡನೆಯದನ್ನು ಚಿಮಟದಲ್ಲಿ ಎತ್ತಿ, ಅಳತೆಪಟ್ಟಿಯ ಮೇಲಿಟ್ಟು ನೋಡಿ, ದೀಪದ ಕೆಳಗೆ ಹಿಡಿದರು. ತಲೆಯ ಮೇಲೆ ನಮ್ಮ ಕಂಪನಿಯ ಗುರುತು ಸ್ಪಷ್ಟವಾಗಿತ್ತು.

ಅದನ್ನು ನೋಡಿ ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಆ ಅಳತೆಯ ನಮ್ಮ ಸ್ಕ್ರೂ ಪೆಟ್ಟಿಗೆಯಲ್ಲಿದ್ದವೂ ಖರ್ಚಾಗಿ, ಗೋದಾಮಿನಲ್ಲಿ ಒಂದೇ ಒಂದು ಉಳಿದಿತ್ತು. ಎರಡು ದಿನದ ಹಿಂದೆ ನಾನೇ ಅದನ್ನು ತಂದು ಈ ಪೆಟ್ಟಿಗೆಗೆ ಹಾಕಿದ್ದೆ. ಹಾಕುವಾಗ ಗುಳಿಯಲ್ಲಿ ಆಗಲೇ ಒಂದಿತ್ತು. ಎರಡಾಯಿತು, ಲೆಕ್ಕ ಸರಿ, ಎಂದು ಮುಚ್ಚಳ ಹಾಕಿದ್ದೆ. ಈಗ ಸಿಸ್ಟರ್ ಕೈಯಲ್ಲಿರುವುದು ನಾನು ಹಾಕಿದ್ದಾದರೆ, ಮೊದಲೇ ಅಲ್ಲಿದ್ದದ್ದು ಯಾರದು?

ಉತ್ತರ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಯಾವ ಕಂಪನಿಯೂ ಇದನ್ನು ಒಪ್ಪುವುದಿಲ್ಲ, ಯಾವ ಕಾಗದದಲ್ಲೂ ಇದು ಇಲ್ಲ. ಒಂದು ಅಳತೆ ಕಡಿಮೆ ಬಿದ್ದರೆ ಪಕ್ಕದ ಡೀಲರಿನವನಿಂದ ನಾಲ್ಕು ಸ್ಕ್ರೂ ಇಸಿದುಕೊಳ್ಳುತ್ತೇವೆ, ನೆರೆಮನೆಯಿಂದ ಒಂದು ಬಟ್ಟಲು ಸಕ್ಕರೆ ತರುವಷ್ಟು ಸಲೀಸಾಗಿ. ಬಣ್ಣ ಒಂದೇ, ದಪ್ಪ ಒಂದೇ, ತಲೆಯಲ್ಲಿ ತಿರುಪುಳಿ ಕೂರುವ ಗುಳಿಯೂ ಒಂದೇ. ತಲೆಯ ಎಳೆಯ ಇಳಿಜಾರು ಮಾತ್ರ ಬೇರೆ, ಕಣ್ಣಿಗೆ ಕಾಣದಷ್ಟು ಬೇರೆ. ಹಿಂದಿನ ವಾರ ದಹಿಸರಿನ ಒಂದು ಆಪರೇಷನ್ನಿಗೆ, ಇರಲಿ ಬೇಕಾದೀತು ಎಂದು ಹೀಗೆ ಮೂರು ತಂದಿದ್ದೆ. ಅಲ್ಲಿ ಅವು ಬೇಕಾಗಲಿಲ್ಲ. ತಿರುಗಿಸಿ ಕೊಡುವಾಗ ಎರಡೇ ಸಿಕ್ಕವು. ಮೂರನೆಯದನ್ನು ಹುಡುಕಿ ಕೊಡುತ್ತೇನೆ ಎಂದು ಗೆಳೆಯನಿಗೆ ಹೇಳಿ ಲೋಕಲ್ ರೈಲು ಹಿಡಿದೆ. ಅದನ್ನು ಆ ಆಸ್ಪತ್ರೆಯಲ್ಲಿ ಸಾಮಾನು ತೊಳೆಯುವವರು ಉದ್ದ ನೋಡಿ, ಇದೇ ಪೆಟ್ಟಿಗೆಯ ಅರವತ್ತೈದರ ಗುಳಿಗೇ ಜೋಪಾನವಾಗಿ ಹಾಕಿಟ್ಟಿದ್ದರು.

ಈಗ ಅದು ಮುದುಕಿಯ ಕಾಲಿನಲ್ಲಿತ್ತು.

ಆ ಕ್ಷಣ ನನ್ನ ತಲೆ ಎಷ್ಟು ಚುರುಕಾಗಿ ಓಡಿತೆಂದರೆ, ಒಳ್ಳೆಯ ಕೆಲಸಕ್ಕೆ ಅದು ಎಂದೂ ಹಾಗೆ ಓಡಿದ್ದಿಲ್ಲ. ಸ್ಕ್ರೂ ಟಕ್ ಅಂದಿದೆ. ಡಾಕ್ಟರಿಗೆ ಅನುಮಾನವಿಲ್ಲ. ಎಕ್ಸ್‌ರೇಯಲ್ಲಿ ಯಾರ ಹೆಸರೂ ಕಾಣುವುದಿಲ್ಲ. ಆರು ಸ್ಕ್ರೂಗಳಲ್ಲಿ ಒಂದು; ಉಳಿದ ಐದು ಹಿಡಿದರೂ ಹಿಡಿದಾವು. ಮೂರು ತಿಂಗಳ ನಂತರ ಕಾಲು ವಾಲಿದರೆ ಮೂಳೆ ಕೆಟ್ಟದಿತ್ತು ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಬಾಯಿ ಬಿಟ್ಟರೆ ಮಾತ್ರ ನನ್ನ ಕೆಲಸ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ನಾಚಿಕೆಯ ವಿಷಯ, ಆದರೆ ಹಾಕುತ್ತಿದ್ದೆ.

ಮುದುಕಿ ನನ್ನ ಬಟ್ಟೆಯ ಅಂಚು ಹಿಡಿದು ಎಳೆದಳು.

"ಸದ್ದು ನಿಂತೈತಿ. ಗಟ್ಟಿ ಹಾಕ್ಯಾರಿಲ್ಲೋ ತಮ್ಮಾ?"

ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರಿಗೆ ಹೇಳಬೇಕಾದದ್ದು ಒಂದೇ ಮಾತು: ಹೌದು, ಗಟ್ಟಿ ಐತಿ. ಮೂರು ಶಬ್ದ. ಬಾಯಿ ತೆರೆದೆ. ಬರಲಿಲ್ಲ. ಆಕೆ ತಲೆಕೆಳಗಾಗಿ ಕಾಣುತ್ತಿದ್ದ ನನ್ನ ಮುಖವನ್ನೇ ನೋಡುತ್ತಿದ್ದಳು. ಮಾಸ್ಕಿನ ಮೇಲೆ ಕಣ್ಣುಗಳ ಹೊರತು ಏನೂ ಕಾಣುವಂತಿರಲಿಲ್ಲ, ಆದರೂ ಆಕೆಯ ಹಿಡಿತ ಬಿಗಿಯಾಯಿತು.

"ಸರ್," ಅಂದೆ. ಯಾರೂ ಕೇಳದೆ ನಾನು ಥಿಯೇಟರಿನಲ್ಲಿ ಮಾತಾಡಿದ್ದು ಅದೇ ಮೊದಲು. "ಮೂರನೇ ಸ್ಕ್ರೂ ನಮ್ಮದಲ್ಲ."

ಡಾಕ್ಟರು ತಲೆ ಎತ್ತಿದರು. "ಕ್ಯಾ?"

"ಬೇರೆ ಕಂಪನಿಯದು, ಸರ್. ನನ್ನ ತಪ್ಪು. ಅದರ ತಲೆ ಈ ಪ್ಲೇಟಿಗೆ ಹೊಂದುವುದಿಲ್ಲ."

"ಬೆಳಿಗ್ಗೆ ಎಣಿಸಿದ್ದೆಯಲ್ಲ ನೀನು?"

"ಎಣಿಸಿದ್ದೆ, ಸರ್. ಯಾರದು ಅಂತ ನೋಡಲಿಲ್ಲ."

ಡಾಕ್ಟರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಅರಿವಳಿಕೆಯ ಡಾಕ್ಟರಮ್ಮನ ಕಡೆ ನೋಡಿ ಎಷ್ಟು ಹೊತ್ತಿದೆ ಎಂದು ಕೇಳಿದರು. ಬೆನ್ನಿಗೆ ಕೊಟ್ಟ ಮದ್ದು ಇನ್ನೊಂದು ಗಂಟೆ, ಬಿ.ಪಿ. ಈಗಾಗಲೇ ಇಳಿಯುತ್ತಿದೆ, ಅಂದರು ಅವರು.

ಅತ್ತ ದರಿ, ಇತ್ತ ಪುಲಿ. ಬಿಟ್ಟರೆ ಸಡಿಲಾಗುವ ಸ್ಕ್ರೂ. ತೆಗೆಯಹೋದರೆ ಅದು ಸುಲಭವಾಗಿ ಬರುವುದಿಲ್ಲ. ಹೊಂದದ ಎಳೆಗಳು ಒಂದರೊಳಗೊಂದು ಕಚ್ಚಿಕೊಂಡು ಬೆಸುಗೆ ಹಾಕಿದಂತಾಗಿರುತ್ತವೆ. ಜೋರು ಮಾಡಿದರೆ ಪ್ಲೇಟೇ ಅಲುಗಿ, ಐವತ್ತು ನಿಮಿಷ ಕಷ್ಟಪಟ್ಟು ಕೂಡಿಸಿದ ಮೂಳೆ ಮತ್ತೆ ಕುಸಿಯುತ್ತದೆ. ಡಾಕ್ಟರು ಹತ್ತು ಎಣಿಸುವಷ್ಟು ಹೊತ್ತು ಪರದೆಯ ಮೇಲಿನ ಎಕ್ಸ್‌ರೇ ನೋಡಿದರು. "ನಿಕಾಲ್ತೇ ಹೈಂ," ಅಂದರು. ತೆಗೆಯೋಣ.

ಮೊದಲ ಪ್ರಯತ್ನಕ್ಕೆ ಸ್ಕ್ರೂ ಅಲುಗಲಿಲ್ಲ. ಎರಡನೆಯದಕ್ಕೆ ತಿರುಪುಳಿಯ ತುದಿ ಸ್ಕ್ರೂವಿನ ತಲೆಯ ಗುಳಿಯಲ್ಲಿ ಕರಕ್ಕೆಂದು ಜಾರಿತು. ಆ ಸದ್ದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಇನ್ನು ಎರಡು ಸಲ ಹಾಗೆ ಜಾರಿದರೆ ಗುಳಿ ದುಂಡಗಾಗಿ ಹಿಡಿಯಲು ಏನೂ ಉಳಿಯುವುದಿಲ್ಲ. ಹಾಗೆ ಕೆಟ್ಟ ಸ್ಕ್ರೂ ತೆಗೆಯುವ ಸಾಮಾನಿನ ಪೆಟ್ಟಿಗೆಯೇ ಬೇರೆ, ಅದು ಕುರ್ಲಾದಲ್ಲಿತ್ತು. ಮುಂಬಯಿಯ ಹಗಲಿನ ಟ್ರಾಫಿಕ್ಕಿನಲ್ಲಿ ಅದು ಬರುವಷ್ಟರಲ್ಲಿ ಮದ್ದಿನ ಒಂದು ಗಂಟೆ ಮುಗಿದಿರುತ್ತಿತ್ತು. ಪ್ರತಿಸಲ ಇಂಥ ಪೆಟ್ಟಿಗೆಯ ಜೊತೆ ಅದನ್ನೂ ತರಬೇಕೆಂದು ನಿಯಮ. ಭಾರವೆಂದು ನಾನು ತರುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಉಣ್ಣುವವನು ನಾನಾಗಬೇಕಿತ್ತು. ಇಲ್ಲಿ ಬಡಿಸಿದ್ದು ಆ ಮುದುಕಿಗೆ.

"ಸರ್, ಮೊದಲು ಒಂದು ಚೂರು ಬಿಗಿ ಮಾಡಿ ಆಮೇಲೆ ಹಿಂದಕ್ಕೆ ತಿರುಗಿಸಿ ನೋಡಿ," ಅಂದೆ. ಗ್ಯಾರೇಜಿನವರೂ ಮಾಡುವುದು ಅದನ್ನೇ.

"ಜಾರುತ್ತಿದೆ. ಹಿಡಿತ ಸಿಗಬೇಕಲ್ಲ," ಅಂದರು ಅವರು.

ಆಗ ಸಿಸ್ಟರ್ ಮಾತಾಡಿದರು. ಇಪ್ಪತ್ತು ವರ್ಷ ಥಿಯೇಟರಿನಲ್ಲಿದ್ದವರು, ಬಾಯಿ ಬಿಡುವುದೇ ಅಪರೂಪ. "ಸರ್, ಫಾಯಿಲ್ ಲಗಾಕೆ ದೇಖೇಂ?" ಹೊಲಿಗೆಯ ದಾರ ಬರುವ ಪಾಕೀಟಿನ ಒಳಗೆ ತೆಳುವಾದ ಬೇಗಡೆ ಇರುತ್ತದೆ. ಅವರು ಅದರಿಂದ ಉಗುರಿನಷ್ಟು ಕತ್ತರಿಸಿ ಸ್ಕ್ರೂವಿನ ಗುಳಿಯ ಮೇಲಿಟ್ಟರು. ಡಾಕ್ಟರು ತಿರುಪುಳಿಯನ್ನು ಅದರ ಮೇಲೆ ಊರಿ, ಇನ್ನೊಂದು ಕೈಯಿಂದ ಪ್ಲೇಟನ್ನು ಒತ್ತಿ ಹಿಡಿದು, ಮೊದಲು ಬಲಕ್ಕೆ ಒಂದು ಕೂದಲಷ್ಟು ತಿರುಗಿಸಿದರು.

ಆಗ ಮುದುಕಿ ನನ್ನನ್ನು ಕರೆದಳು. "ಏನೋ ತಪ್ಪೈತಿ ಹೌದಿಲ್ಲೋ?"

"ಹೌದವ್ವಾ," ಅಂದೆ. "ಒಂದು ಸ್ಕ್ರೂ ತಪ್ಪಿ ಬಿದ್ದೈತಿ. ತೆಗ್ಯಾಕತ್ತಾರ. ನೀ ಅಲ್ಲಾಡಬ್ಯಾಡ."

ಆಕೆ ಅಳಲಿಲ್ಲ, ದೇವರನ್ನೂ ಕರೆಯಲಿಲ್ಲ. ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿದಳು. ಸುಟ್ಟು ಸುಟ್ಟು ಗಡುಸಾದ ಅಂಗೈ. ನನ್ನ ಬೆರಳುಗಳು ನೋಯುವಷ್ಟು ಹಿಡಿದಿದ್ದಳು, ಮೂಳೆ ಮೆತ್ತಗಾದ ಹೆಂಗಸಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಬಟ್ಟೆಯ ಆಚೆ ಒಂದು ಸಣ್ಣ ಕೀರಲು ಸದ್ದಾಯಿತು. ತಿರುಪುಳಿ ಎಡಕ್ಕೆ ಹೊರಳಿತು, ನಿಂತಿತು, ಮತ್ತೆ ಹೊರಳಿತು. ಡಾಕ್ಟರು ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ಪರದೆ ನೋಡುತ್ತಿದ್ದರು. ಮೂಳೆಯ ತುಂಡುಗಳು ಕೂಡಿಸಿದಲ್ಲೇ ಇದ್ದವು.

ಸ್ಕ್ರೂ ಹೊರಗೆ ಬಂತು. ಡಾಕ್ಟರು ಅದನ್ನು ಚಿಮಟದಲ್ಲಿ ಹಿಡಿದು ದೀಪದ ಕಡೆ ಎತ್ತಿ, ನನಗೆ ಕಾಣುವಂತೆ ತಿರುಗಿಸಿದರು. ತಲೆಯ ಎಳೆಗಳಲ್ಲಿ ಒಂದೇ ಒಂದು ಕಡೆ, ಅರ್ಧ ಸುತ್ತಿನಷ್ಟು ಮಾತ್ರ ಲೋಹ ತೀಡಿ ಹೊಳೆಯುತ್ತಿತ್ತು. ಉಳಿದ ಎಳೆಗಳು ಪ್ಲೇಟನ್ನು ಮುಟ್ಟಿಯೇ ಇರಲಿಲ್ಲ. ಅಷ್ಟರ ಮೇಲೆ ಆಕೆ ನಿಲ್ಲಬೇಕಿತ್ತು. ಡಾಕ್ಟರು ಅದನ್ನು ಬೋಗುಣಿಗೆ ಹಾಕಿದರು. ಠಣ್ ಎಂದ ಆ ಸದ್ದಿಗಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ.

ಪ್ಲೇಟಿನ ಆ ತೂತು ಕೆಟ್ಟಿತ್ತು, ಅದನ್ನು ಖಾಲಿ ಬಿಟ್ಟರು. ಮೂಳೆಯಲ್ಲೂ ಒಂದು ತೂತು ಸುಮ್ಮನೆ ಉಳಿಯಿತು. ಅದರ ಹಿಂದೆ ಆಗಲೇ ಕೊರೆದಿದ್ದ ಜಾಗದಲ್ಲಿ ನಮ್ಮ ಅರವತ್ತೈದರದ್ದು, ಓರೆಯಾಗಿ ಇನ್ನೊಂದು ಅರವತ್ತರದ್ದು. ಒಂದೊಂದನ್ನು ಹಾಕುವ ಮುನ್ನವೂ ಸಿಸ್ಟರ್ ಅದರ ತಲೆಯನ್ನು ನನ್ನ ಕಡೆ ಹಿಡಿದರು. "ಬೋಲ್," ಅನ್ನುತ್ತಿದ್ದರು ಡಾಕ್ಟರು. "ನಮ್ಮದು, ಸರ್." ಮತ್ತೊಂದು. "ಬೋಲ್." "ನಮ್ಮದು, ಸರ್." ಆಗಲೇ ಹಾಕಿದ್ದ ಐದು ಸ್ಕ್ರೂಗಳ ತಲೆಗಳನ್ನೂ ಒರೆಸಿ, ದೀಪ ಬಗ್ಗಿಸಿ, ಒಂದೊಂದಾಗಿ ನನ್ನಿಂದ ಓದಿಸಿದರು. ಹೊಲಿಗೆ ಮುಗಿಯುವಾಗ ಮುದುಕಿಯ ಕಾಲ್ಬೆರಳು ಅಲುಗಲು ಶುರುವಾಗಿತ್ತು.

ಕೈ ತೊಳೆಯುವ ತೊಟ್ಟಿಯ ಹತ್ತಿರ ಡಾಕ್ಟರು ನನ್ನನ್ನು ನಿಲ್ಲಿಸಿದರು. "ಎಲ್ಲವನ್ನೂ ಬರೆಯುತ್ತೇನೆ. ನಿನ್ನ ಮಾಲೀಕನಿಗೂ ಹೇಳುತ್ತೇನೆ." ಆಮೇಲೆ ಟವೆಲ್ಲಿನಲ್ಲಿ ಕೈ ಒರೆಸುತ್ತ, "ಆಕೆಗೆ ನೀನೇ ಹೇಳು. ನಿನ್ನ ಭಾಷೆಯಲ್ಲಿ, ಪೂರ್ತಿಯಾಗಿ. ನನಗೆ ಬರುವಂತಿದ್ದರೆ ನಾನೇ ಹೇಳುತ್ತಿದ್ದೆ" ಅಂದರು. ಮುಖದಲ್ಲಿ ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು.

ಮಾಲೀಕ ಫೋನಿನಲ್ಲಿ ಹೇಳಿದ್ದು ಬೇರೆ. ಕೂತಿತ್ತಲ್ಲ, ಟಕ್ ಅಂದಿತ್ತಲ್ಲ, ಬಾಯಿ ಮುಚ್ಚಿಕೊಂಡು ನಿಲ್ಲುವುದಕ್ಕೆ ಏನಾಗಿತ್ತು, ಎಲ್ಲರೂ ಮಾಡುವುದೇ ತಾನೆ? ಕೊನೆಯ ಮಾತು ನಿಜವಾಗಿತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಅಂದಿನಿಂದ ನನ್ನನ್ನು ಥಿಯೇಟರುಗಳಿಂದ ತೆಗೆದು ಗೋದಾಮಿನಲ್ಲಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಹಾಕಿದರು. ಹೊರಗೆ ಹಾಕಲಿಲ್ಲ, ಅದಕ್ಕೆ ಕಾರಣ ಕರುಣೆಯೋ, ನಾನು ಇನ್ನೆಲ್ಲಾದರೂ ಬಾಯಿ ಬಿಟ್ಟೇನೆಂಬ ಭಯವೋ, ಕೇಳಲು ಹೋಗಲಿಲ್ಲ.

ಮರುದಿನ ಮಧ್ಯಾಹ್ನ ವಾರ್ಡಿಗೆ ಹೋದೆ. ಮುದುಕಿಯ ಮಗಳು ಪಕ್ಕದಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದಳು. ನಾನು ಮೊದಲಿನಿಂದ ಹೇಳಿದೆ: ದಹಿಸರು, ಇಸಿದುಕೊಂಡ ಮೂರು, ಸಿಗದ ಒಂದು, ಗುಳಿ, ಎಣಿಕೆ. ನಿಮ್ಮ ಮೂಳೆಯಲ್ಲಿ ಒಂದು ತೂತು ನನ್ನಿಂದಾಗಿ ಸುಮ್ಮನೆ ಬಿದ್ದಿದೆ, ಅಂದೆ. ಮಗಳು ಹಣ್ಣು ಕೆಳಗಿಟ್ಟು ಎದ್ದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಸಿಟ್ಟಿನಲ್ಲಿ ಎರಡು ಭಾಷೆಯೂ ಒಟ್ಟಿಗೇ ಬಂದವು.

"ಮೇರೀ ಅವ್ವನ ಕಾಲು ಏನ್ ಗ್ಯಾರೇಜ್ ಐತೇನ್ರಿ ನಿಮಗ? ಜೋ ಮಿಲಾ ವೋ ಹಾಕ್ ದಿಯಾ? ನೀವು ಮಂದೀನ..." ಸೆರಗಿನಿಂದ ಮುಖ ಒರೆಸಿಕೊಂಡಳು. ಕ್ಷಮಿಸಿ ಎಂಬ ಮಾತು ಅಲ್ಲಿ ಬಹಳ ಅಗ್ಗವಾಗಿ ಕಂಡಿತು.

ಮುದುಕಿ ಮಗಳಿಗೆ ಕೂತುಕೊಳ್ಳಲು ಸನ್ನೆ ಮಾಡಿದಳು. ಕಾಲಿನ ಬ್ಯಾಂಡೇಜನ್ನು ನೋಡಿದಳು. "ಹಿಂಗ ಯಾರವೋ ಇಸ್ಗೊಂಡು ಹಾಕೂದು, ಇದ ಮೊದಲನೇದೇನು?"

"ಅಲ್ಲವ್ವಾ."

"ಮತ್ತ ಎಷ್ಟ ಮಂದಿ ಕಾಲಾಗ ಅದಾವು?"

ಮೂವತ್ತು ಅಂದರೂ, ಮುನ್ನೂರು ಅಂದರೂ ಸುಳ್ಳಾಗುತ್ತಿತ್ತು. ನಾನು ಎಂದೂ ಎಣಿಸಿರಲಿಲ್ಲ. ಎಣಿಕೆಯ ಪ್ರವೀಣನಾದ ನಾನು ಅದೊಂದನ್ನು ಎಣಿಸುವುದುಂಟು ಎಂದೇ ತಿಳಿದಿರಲಿಲ್ಲ. "ಗೊತ್ತಿಲ್ಲವ್ವಾ," ಅಂದೆ. ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಅಂದು ಗೋದಾಮಿಗೆ ಹೋದವನು ಇದ್ದ ಪೆಟ್ಟಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡೆ. ಭೂತಗನ್ನಡಿ ಹಿಡಿದು ಒಂದೊಂದು ಸ್ಕ್ರೂವಿನ ತಲೆಯನ್ನೂ ಓದುತ್ತ ಹೋದೆ. ನಾಲ್ಕು ದಿನ ಹಿಡಿಯಿತು. ಮಾಲೀಕ ಬಾಗಿಲಲ್ಲಿ ಬಂದು ನಿಂತು, ನೋಡಿ, ಹೋಗುತ್ತಿದ್ದ. ನಮ್ಮದಲ್ಲದ ಹ‌ನ್ನೊಂದು ಸಿಕ್ಕವು, ಮೂರು ಬೇರೆ ಬೇರೆ ಕಂಪನಿಗಳವು. ಅವನ್ನು ಒಂದು ಡಬ್ಬಿಗೆ ಹಾಕಿ, ಮೇಲೆ 'ಉಪಯೋಗಿಸಬಾರದು' ಎಂದು ಬರೆದೆ. ಅದೇ ದಿನದಿಂದ ಎಣಿಕೆಯ ಚೀಟಿಯಲ್ಲಿ ಇನ್ನೊಂದು ಕಾಲಂ ಹಾಕಿದೆ: ಎಷ್ಟು ಎನ್ನುವುದರ ಪಕ್ಕದಲ್ಲಿ ಯಾರದು. ಜೊತೆಯವರು ನಕ್ಕರು. ನಗಲಿ. ಆದರೆ ಡಬ್ಬಿಯಲ್ಲಿ ಬಿದ್ದವು ಇನ್ನೂ ಯಾರ ಮೈಗೂ ಹೋಗದಿದ್ದ ಹನ್ನೊಂದು. ಹೋದವುಗಳ ಲೆಕ್ಕ ಆ ಮೇಜಿನ ಮೇಲೆ ಇರಲಿಲ್ಲ.

ಮುಂದಿನ ವಾರಗಳಲ್ಲಿ ಫೋನು ಕೂಗಿದಾಗಲೆಲ್ಲ ಆ ಆಸ್ಪತ್ರೆಯದೇ ಇರಬೇಕೆಂದು ಗಾಬರಿಯಾಗುತ್ತಿತ್ತು. ಕಾಲು ವಾಲಿತು ಎನ್ನುತ್ತಾರೆ, ಸೋಂಕಾಯಿತು ಎನ್ನುತ್ತಾರೆ. ಮೂರೂವರೆ ತಿಂಗಳ ಮೇಲೆ ಫೋನು ಬಂತು, ಸಿಸ್ಟರ್‌ದು. ನಾಳೆ ಅಜ್ಜಿಯ ಎಕ್ಸ್‌ರೇ ಇದೆ, ನೀನೂ ಬರಬೇಕಂತೆ, ಅಂದರು. ಯಾರು ಹೇಳಿದ್ದು, ಡಾಕ್ಟರೇ, ಎಂದು ಕೇಳಿದೆ. ಅಲ್ಲ, ಅಜ್ಜಿ, ಅಂದರು.

ಹೊರರೋಗಿಗಳ ಕೋಣೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಮುರಿದ ಜಾಗದ ಸುತ್ತ ಮೋಡ ಕವಿದಂತೆ ಹೊಸ ಮೂಳೆ ಬಂದಿತ್ತು. ಸ್ಕ್ರೂಗಳು ಇಟ್ಟಲ್ಲೇ ಇದ್ದವು. ಖಾಲಿ ತೂತು ಮಬ್ಬಾಗಿ ಕಾಣುತ್ತಿತ್ತು. "ಇವತ್ತಿನಿಂದ ಪೂರ್ತಿ ಭಾರ ಹಾಕಬಹುದು," ಅಂದರು ಡಾಕ್ಟರು, ನನ್ನ ಕಡೆ ನೋಡದೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಮುದುಕಿ ವಾಕರ್ ಹಿಡಿದು ಎದ್ದಳು. ಮೊದಲು ಬಲಗಾಲು. ಆಮೇಲೆ ಎಡಗಾಲನ್ನು ನೆಲಕ್ಕೆ ತಾಗಿಸಿ, ತಡೆದು, ಪೂರ್ತಿ ಊರಿದಳು. ಮಗಳು ಹಿಡಿಯಲು ಬಂದರೆ ಬೇಡ ಅಂದಳು. ಐದು ಹೆಜ್ಜೆ ಹಾಕಿ ನಾನು ನಿಂತಿದ್ದಲ್ಲಿಗೆ ಬಂದು ನಿಂತಳು. ಉಸಿರು ಸ್ವಲ್ಪ ಮೇಲೇರಿತ್ತು.

"ಉಳದವ್ರಿಗೆ ಹೇಳಿದಿ?" ಕೇಳಿದಳು.

"ಹೆಂಗ ಹೇಳ್ಲಿ ಯವ್ವಾ? ಯಾರ ಕಾಲಾಗ ಅದಾವಂತ ನನಗ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ."

ಆಕೆ ವಾಕರನ್ನು ಬಾಗಿಲ ಕಡೆ ತಿರುಗಿಸಿದಳು.

"ನೀ ಬಾಯಿ ಬಿಡದಿದ್ರ ನನಗೂ ಗೊತ್ತಾಗ್ತಿದ್ದಿಲ್ಲ," ಅಂದಳು.